ಸೀಮೆಸುಣ್ಣದ ನಂಬರು

"ಉಳಿ ತಾಗಿಸಬೇಡ. ಗೀರು ಬಿದ್ರೆ ಅಮ್ಮನ ಬೆರಳಿಗೆ ಸಿಕ್ಕಿಬಿಡುತ್ತೆ," ಎಂದ ಹೂವಪ್ಪ ಮೇಷ್ಟ್ರು.

ಬಡಗಿ ಜಟ್ಟಪ್ಪ ಉಳಿ ಕೆಳಗಿಟ್ಟ. ಹಳೇ ಮನೆ ಬಿಚ್ಚುವಾಗ ಪ್ರತಿ ಕಂಬಕ್ಕೂ ತೊಲೆಗೂ ಉಳಿಯಲ್ಲಿ ಗುರುತು ಕೆತ್ತುವುದು ವಾಡಿಕೆ. ಇದ್ದ ಜಾಗದಲ್ಲೇ ಮತ್ತೆ ಕೂರಿಸಬೇಕಲ್ಲ.

"ಮತ್ತೆ ಗುರುತು ಎಂತದ್ರಲ್ಲಿ ಹಾಕೋದು ಮೇಷ್ಟ್ರೇ?"

ಹೂವಪ್ಪ ಜೇಬಿನಿಂದ ಶಾಲೆಯ ಸೀಮೆಸುಣ್ಣ ತೆಗೆದ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಹೊಸನಗರದ ಕಡೆಯ ಆ ಇನ್ನೂರು ವರ್ಷದ ಮನೆ ಮುಂದಿನ ಮಳೆಗಾಲಕ್ಕೆ ಶರಾವತಿ ಅಣೆಕಟ್ಟಿನ ನೀರಿನಡಿ ಹೋಗಲಿತ್ತು. ಕಣ್ಣು ಕಾಣದ ತಾಯಿ ಬೆಳ್ಳಮ್ಮ, ಮನೆ ಬಿಡುವ ಮಾತೆತ್ತಿದ್ದಕ್ಕೇ ಮೂರು ದಿನ ಊಟ ಬಿಟ್ಟಿದ್ದಳು. ಇನ್ನೊಮ್ಮೆ ಬಿಟ್ಟರೆ ಉಳಿಯುವ ಜೀವವಲ್ಲ. ಹಾಗಾಗಿ ಮಗ ಸುಳ್ಳು ಹೇಳಿದ. ಮನೆಯ ಮಾಡು ಸೋರುತ್ತಿದೆ, ರಿಪೇರಿಯಿದೆ, ಎರಡು ತಿಂಗಳು ತೀರ್ಥಹಳ್ಳಿಯಲ್ಲಿ ನಿನ್ನ ಮಗಳು ವನಮಾಲಾಳ ಮನೆಯಲ್ಲಿರು ಎಂದ. ಅಷ್ಟರಲ್ಲಿ ಇಡೀ ಮನೆಯನ್ನು ಬಿಚ್ಚಿ ಆನಂದಪುರದ ಹತ್ತಿರ ಇದ್ದಂತೆಯೇ ನಿಲ್ಲಿಸುವುದು ಅವನ ಲೆಕ್ಕಾಚಾರ.

"ಅಮ್ಮೋರಿಗೆ ಗೊತ್ತಾಗಲ್ಲ ಅಂತೀರಾ?"

"ನಲವತ್ತು ಮಕ್ಕಳನ್ನ ಸಂಭಾಳಿಸ್ತೀನಿ. ಒಬ್ಬ ಅಮ್ಮನ್ನ ಸಂಭಾಳಿಸಕ್ಕೆ ಆಗಲ್ವೇನೋ?"

"ನಿಮ್ಮನ್ನ ಸಂಭಾಳಿಸಿದ್ದು ಅವ್ರೇ ಅಲ್ವಾ," ಎಂದ ಜಟ್ಟಪ್ಪ.

ಇಪ್ಪತ್ತಾರು ಗಾಡಿ ಮರ ಆನಂದಪುರಕ್ಕೆ ಬಂದಿಳಿಯಿತು. ದಾರಿಯುದ್ದಕ್ಕೂ ಒಂದಕ್ಕೊಂದು ಉಜ್ಜಿ ಸೀಮೆಸುಣ್ಣವೆಲ್ಲ ಅಳಿಸಿಹೋಗಿತ್ತು. ಭೂಪಟವನ್ನು ಕಣ್ಣುಮುಚ್ಚಿ ಬರೆಯುವ ಮೇಷ್ಟ್ರಿಗೆ ತಾನು ಹುಟ್ಟಿದ ಮನೆಯ ಯಾವ ಕಂಬ ಎಲ್ಲಿತ್ತೆಂದು ಹೊಳೆಯಲಿಲ್ಲ. ಇಂಥ ಹುಡುಗ ನನ್ನ ಕ್ಲಾಸಿನಲ್ಲಿದ್ದರೆ ದಿನವಿಡೀ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ ಎಂದುಕೊಂಡು ಮರದ ರಾಶಿಯ ಮೇಲೆ ಕುಸಿದ.

"ಶುಕ್ರವಾರ ಶುಕ್ರವಾರ ರಜಾ ಕೊಡಿ," ಎಂದ ಜಟ್ಟಪ್ಪ. "ಈ ಮನೆ ಬಲ್ಲೋರು ಒಬ್ರಿದಾರೆ. ಬಸ್ಸಲ್ಲಿ ಹೋಗಿ ಕೇಳ್ಕಂಡು ಬರ್ತೀನಿ."

ಯಾರೋ ಮುದಿ ಬಡಗಿಯಿರಬೇಕು. "ಹೋಗು. ಮನೆ ಜಾಗ ಬದಲಾಗಿದ್ದು ಅಮ್ಮನಿಗೆ ತಿಳಿಯಬಾರದು, ಅಷ್ಟೇ."

"ನಾನಾಗಿ ಹೇಳಲ್ಲ ಬಿಡಿ."

ಜಟ್ಟಪ್ಪ ಪ್ರತಿ ಶುಕ್ರವಾರ ಹೋದ. ಪ್ರತಿ ಶನಿವಾರ ಒಂದಿಷ್ಟೂ ಅನುಮಾನಿಸದೆ ಕಂಬ ನಿಲ್ಲಿಸಿದ. ಎರಡು ತಿಂಗಳಿಗೆ ಮನೆ ಎದ್ದಿತು.

ಬೆಳ್ಳಮ್ಮ ಬಂದ ದಿನ, ದಾರಿಯ ಅಂದಾಜು ಸಿಗದಿರಲೆಂದು, ಬಸ್ಸಿಳಿದ ಮೇಲೆ ಹೂವಪ್ಪ ಎತ್ತಿನ ಗಾಡಿಯನ್ನು ಮೂರು ಸುತ್ತು ಬಳಸಿ ತಂದ. ಎತ್ತುಗಳೂ ಒಮ್ಮೆ ತಿರುಗಿ ಇವನ ಮುಖ ನೋಡಿದವು. ಬೆಳ್ಳಮ್ಮ ಎಡವದೆ ಹೊಸ್ತಿಲು ದಾಟಿದಳು. ಕಂಬಗಳನ್ನು ಒಂದೊಂದಾಗಿ ಸವರುತ್ತ ನಡೆದಳು. ಐದನೆಯದರ ಮೇಲೆ ಕೈ ನಿಂತಿತು. ಹೂವಪ್ಪ ಅವಸರದಿಂದ ಹತ್ತಿರ ಬಂದ.

"ರಿಪೇರಿ ಚೆನ್ನಾಗಾಗಿದೆಯೇನಮ್ಮಾ?"

ಅವಳು ಅವನತ್ತ ತಿರುಗದೆ, ಜಗಲಿಯಲ್ಲಿ ನಿಂತಿದ್ದ ಬಡಗಿಯನ್ನು ಕೂಗಿದಳು.

"ಜಟ್ಟಪ್ಪಾ, ಈ ಕಂಬದಲ್ಲಿ ಕೆತ್ತಿದ ಹೂವು ಒಳಮುಖಕ್ಕೆ ಬರ್ಬೇಕು ಅಂತ ಹೋದ ಶುಕ್ರವಾರ ತೀರ್ಥಹಳ್ಳೀಲಿ ಬಿಡಿಸಿ ಬಿಡಿಸಿ ಹೇಳಿದ್ನಲ್ಲೋ."