ದೊಡ್ಡಮ್ಮನ ಬಾಯಿ ಮತ್ತು ಒಂದು ಗಂಟೆಯ ವಿಮೆ

ಹೊಸದಾಗಿ ಲೈಸೆನ್ಸ್ ಪಡೆದವರ ಕೈಗೆಟಕುವುದು ಒಂದು ಗಂಟೆಯ ವಿಮೆ ಮಾತ್ರ. ಅದು ಮುಗಿದ ಕ್ಷಣ ಕಾರು ಇದ್ದಲ್ಲೇ ನಿಲ್ಲುತ್ತದೆ. ಒಳಗೆ ಕೂತವರು ಹೆದರಿ ಕೂಗಿದರೆ, ಒಂದೊಂದು ಕೂಗಿಗೂ ಐದು ನಿಮಿಷ ಕಡಿತ.

ತುಮಕೂರು ದಾಟುವಷ್ಟರಲ್ಲೇ, ಕಾರು ಓಡಿಸುತ್ತಿದ್ದ ಇಂಚರ ಹದಿನೈದು ನಿಮಿಷ ಕಳೆದುಕೊಂಡಿದ್ದಳು. ಪಕ್ಕದಲ್ಲಿ ದೊಡ್ಡಮ್ಮ ಕೂತಿದ್ದರು. ಗುಬ್ಬಿಯಲ್ಲಿ ಅವರ ಮಗಳ ಸೀಮಂತ. ರಾಹುಕಾಲಕ್ಕೆ ಮುಂಚೆ ಮೊದಲ ಬಳೆ ತೊಡಿಸಬೇಕಾದವರು ಅವರೇ.

"ಅಯ್ಯೋ, ಎಮ್ಮೆ!"

"ಐದು ನಿಮಿಷ ಕಡಿತ," ಎಂದಿತು ಸ್ಟೀರಿಂಗ್ ಪಕ್ಕದ ವಿಮೆಯ ಪೆಟ್ಟಿಗೆ.

"ಎಮ್ಮೆ ಗದ್ದೇಲಿದೆ ದೊಡ್ಡಮ್ಮ! ನಿನ್ನ ದಮ್ಮಯ್ಯ, ಇನ್ನು ಬಾಯಿ ಬಿಡ್ಬೇಡ."

ದೊಡ್ಡಮ್ಮ ಮುಖ ಊದಿಸಿಕೊಂಡು ಸೀಮಂತದ ತಟ್ಟೆಯಿಂದ ಮೂರು ವೀಳ್ಯದೆಲೆ ತೆಗೆದರು. ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗೆ ತುರುಕಿಕೊಂಡರು. ಲಾರಿ ಬಂತು, ಹೊಂಡ ಬಂತು, ಅಡ್ಡಡ್ಡ ಓಡುವ ನಾಯಿ ಬಂತು. ದೊಡ್ಡಮ್ಮ ಜಗಿದರು. ಒಂದು ತಿರುವಿನ ಹತ್ತಿರ ಮಾತ್ರ ಬಳೆಗಳಿಂದ ಕಿಟಕಿಯ ಗಾಜು ಕುಟ್ಟಿದರು. ಇಂಚರ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಪ್ರಯಾಣಿಕರು ಬಹಳ ಶಾಂತ. ಹತ್ತು ನಿಮಿಷ ಬಹುಮಾನ," ಎಂದಿತು ಪೆಟ್ಟಿಗೆ.

ಇಂಚರ ಬೀಗಿದಳು. ದೊಡ್ಡಮ್ಮ ಗಾಜು ಇಳಿಸಿ ಉಗಿದರು.

"ಗುಬ್ಬಿ ದಾಟಿ ಆಗ್ಲೇ ಐದು ನಿಮಿಷ ಆಯ್ತು ಕಣೇ."

"ಹೇಳ್ಬಾರ್ದಾ ಮತ್ತೆ?"

"ಬಾಯಿ ಬಿಡ್ಬೇಡ ಅಂದೋಳು ನೀನು."

"ಅಯ್ಯಯ್ಯೋ, ರಾಹುಕಾಲ!" ಇಂಚರ ಕಿರುಚಿದಳು.

"ಐದು ನಿಮಿಷ ಕಡಿತ."

ದೊಡ್ಡಮ್ಮ ಇನ್ನೆರಡು ಎಲೆಗೆ ಸುಣ್ಣ ಹಚ್ಚಿದರು. ಅಡಿಕೆಯಿಟ್ಟು ಮಡಿಚಿ, ಇಂಚರಳ ಬಾಯಿಗೆ ತುರುಕಿದರು.