ಆರದ ನೀರು

ಭಾನುವಾರ ನಯನ ಬಚ್ಚಲಮನೆಯ ಸೌದೆ ಬಾಯ್ಲರಿಗೆ ಹೊದಿಕೆ ಸುತ್ತಲು ನಿಂತಳು. ಒಳಗೆ ಬಿಸಿ ಹಿಡಿದಿಡುವ ಗ್ಲಾಸ್ ವೂಲ್, ಮೇಲೆ ತಗಡು, ನಲ್ಲಿಯವರೆಗಿನ ಪೈಪಿಗೆ ಕಪ್ಪು ಫೋಮ್. ನಾರ್ವೆ ಎಂಬ ತಮ್ಮ ಹಳ್ಳಿಯಿಂದ ಕೊಪ್ಪ ಪೇಟೆಗೆ ಹೋಗಿ ತಾನೇ ತಂದಿದ್ದಳು. ತಂತಿ ಬಿಗಿಯುವ ಕೆಲಸಕ್ಕೆ ಗಂಡ ರಾಕೇಶ ಸಿಕ್ಕಿಬಿದ್ದಿದ್ದ.

"ಬಾಯ್ಲರಿಗೆ ಸ್ವೆಟರ್ ಹಾಕೋದು ಈಗ್ಲೇ ನೋಡಿದ್ದು ಮಾರಾಯ್ತಿ. ನನಗೇನೋ ನೀರು ಸುಡ್ತದೆ."

"ಬೆಳಿಗ್ಗೆ ಮೀಯೋರಿಗೆ ಸುಡ್ತದೆ. ಒಂದಿನ ಹತ್ತೂವರೆಗೆ ಮಿಂದು ನೋಡಿ."

ರಾಕೇಶ ತಂತಿಯನ್ನು ಇನ್ನೊಂದು ಸುತ್ತು ಬಿಗಿದ.

ಆ ಮನೆಯಲ್ಲಿ ಬೆಳಗಿನ ಜಾವ ಒಂದೇ ಸಲ ಬೆಂಕಿ. ಮತ್ತೊಮ್ಮೆ ಸೌದೆ ಒಟ್ಟಿದರೆ ಅತ್ತೆ ರಾಧಮ್ಮನವರಿಗೆ ಮೈಯೆಲ್ಲ ಉರಿ. ಮೊದಲ ಸ್ನಾನ ಮಾವ ಪುಟ್ಟಪ್ಪನವರದು, ಆಮೇಲೆ ರಾಕೇಶ, ಆಮೇಲೆ ಅತ್ತೆ. ತಿಂಡಿ, ಪಾತ್ರೆ, ಕೊಟ್ಟಿಗೆ ಎಲ್ಲ ಮುಗಿಸಿ ನಯನ ಬರುವಷ್ಟರಲ್ಲಿ ಬಾಯ್ಲರಿನಲ್ಲಿ ನೀರು ಬೇಕಾದಷ್ಟು ಇರುತ್ತಿತ್ತು, ಬಿಸಿ ಮಾತ್ರ ಗಾಳಿಗೆ ಹೋಗಿರುತ್ತಿತ್ತು. ಡಿಸೆಂಬರ್ ಚಳಿಯಲ್ಲಿ ಹಲ್ಲು ಕಚ್ಚಿಕೊಂಡು ಸುರಿದುಕೊಳ್ಳಬೇಕು. ಮದುವೆಯಾಗಿ ಬಂದಾಗಿನಿಂದ ಅವಳಿಗೊಂದು ಆಸೆ: ಮೈಯಿಂದ ಹಬೆ ಏಳುವ ಹಾಗೆ ದಿನಾ ಒಂದು ಸ್ನಾನ. ಸರದಿ ಬದಲಿಸಿ ಎಂದು ಕೇಳುವ ಧೈರ್ಯವಿರಲಿಲ್ಲ, ಅದಕ್ಕೇ ಬಾಯ್ಲರಿಗೆ ಕೈ ಹಾಕಿದ್ದಳು.

ಸೋಮವಾರ ಹತ್ತೂವರೆಗೆ ನಲ್ಲಿ ತಿರುಗಿಸಿ ಕೈ ಒಡ್ಡಿದವಳು ಥಟ್ಟನೆ ಹಿಂದೆಳೆದುಕೊಂಡಳು. ಸುಡುತ್ತಿತ್ತು! ಖುಷಿಗೆ ಅಳುವೇ ಬಂತು. ತಣ್ಣೀರು ಬೆರೆಸಿಕೊಂಡು ಸಾಕೆನ್ನುವಷ್ಟು ಮಿಂದಳು.

ಮಂಗಳವಾರ ಬೆಳಿಗ್ಗೆ ಅವಳು ರೊಟ್ಟಿ ತಟ್ಟುತ್ತಿದ್ದಾಗ ರಾಧಮ್ಮ ಅಡುಗೆಮನೆಗೆ ಬಂದು ಬಾಯಿ ತುಂಬ ಹೊಗಳಿದರು.

"ಒಳ್ಳೇ ಕೆಲಸ ಮಾಡ್ದೆ ಕಣೇ. ನಿನ್ನೆ ಮಧ್ಯಾಹ್ನ ಮುಟ್ಟಿ ನೋಡ್ದೆ, ಇನ್ನೂ ಬಿಸಿ! ಇನ್ಮೇಲೆ ನೀನು ಹತ್ತೂವರೆಗೇ ಬಚ್ಚಲಿಗೆ ಓಡೋದು ಎಂತಕ್ಕೆ? ಮಧ್ಯಾಹ್ನದ ಅಡುಗೆ ಮುಗಿಸಿ, ಹಿತ್ತಲು ಗುಡಿಸಿ, ಆಮೇಲೆ ಆರಾಮಾಗಿ ಮೀಬಹುದಲ್ಲ."

ಅತ್ತೆಯ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಸೊಸೆಯ ಒಳ್ಳೆಯದಕ್ಕೇ ಹೇಳಿದ್ದರು. ನಯನಳಿಗೆ ಸಿಟ್ಟು ಬಂದದ್ದು ಅದಕ್ಕೇ.

ಅವಳು ಒಲೆ ಆರಿಸಿದಳು. ಪುಟ್ಟಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ಹೊರಟಿದ್ದರು. ಅವರನ್ನು ದಾಟಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

"ಏ ನಯನಾ! ಮಾವ ಇನ್ನೂ ಮಿಂದಿಲ್ಲ ಮಾರಾಯ್ತಿ!"

"ಅವಸರ ಇಲ್ಲ ಅಂತ ಮಾವನಿಗೆ ಹೇಳಿ ಅತ್ತೆ," ಒಳಗೆ ನೀರು ಸುರಿಯುವ ಸದ್ದಿನ ಜೊತೆ ಉತ್ತರ ಬಂತು. "ಮಧ್ಯಾಹ್ನದವರೆಗೂ ಬಿಸಿ ಇರ್ತದೆ."