ಅಳತೆ ಕೋವಿ

“ಇಲ್ಲಿಗೆ ಗುರಿ ಹಿಡೀರಿ ಸಾರ್, ನನ್ನ ಬಲಗಣ್ಣಿಗೆ,” ಎಂದು ಕೋವಿ ಅಂಗಡಿಯ ಅಳತೆಗಾರ ಪೆಂಬರ್ಟನ್ ಕಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದ. ಸೆತ್ ಎದೆಯವರೆಗೆ ಎತ್ತಿದ್ದ ಜೋಡುನಳಿಗೆ ಕೋವಿಯನ್ನು ಇಳಿಸಿ, ತೆರೆದು, ಎರಡೂ ನಳಿಗೆಗಳನ್ನು ಇಣುಕಿ ನೋಡಿ, ಹಾಗೇ ತೋಳಿನ ಮೇಲೆ ಹಾಕಿಕೊಂಡ.

“ಮನುಷ್ಯರ ಕಡೆ ನಾನು ಹಿಡಿಯಲ್ಲ.”

ಸೆತ್ ಯಾರ್ಕ್‌ಷೈರಿನ ಒಂದು ಎಸ್ಟೇಟಿನಲ್ಲಿ ಮೊದಲು ದೊರೆಗಳ ಬೆನ್ನಿಗೆ ನಿಂತು ಅವರ ಕೋವಿಗೆ ತೋಟಾ ತುಂಬಿಕೊಡುತ್ತಾ, ಆಮೇಲೆ ಇಡೀ ಶಿಕಾರಿಯ ಮೇಸ್ತ್ರಿಯಾಗಿ ಮುದುಕನಾದವನು. ಇಂಥ ಕೋವಿಗಳನ್ನು ಒರೆಸಿದ್ದಾನೆ, ಹೊತ್ತಿದ್ದಾನೆ; ತನ್ನದೆಂದು ಒಂದನ್ನೂ ಹಿಡಿದಿಲ್ಲ. ಕೆಲಸ ಬಿಡುವ ದಿನ ದೊರೆ “ನಿಂಗೂ ಒಂದು ಮಾಡಿಸ್ಕೋ, ಖರ್ಚು ನಂದು” ಎಂದು ಲಂಡನ್ನಿನ ಈ ಅಂಗಡಿಗೆ ಕಳಿಸಿದ್ದ. ಇಲ್ಲಿ ಕೋವಿಯನ್ನು ಹೊಲಿಯುತ್ತಾರೆ ಎಂದರೂ ನಡೆದೀತು. ದರ್ಜಿ ಕೋಟಿಗೆ ಮೈ ಅಳೆದಂತೆ ಗಿರಾಕಿಯ ಕತ್ತು, ಕೆನ್ನೆ, ತೋಳು ನೋಡಿ ಮರದ ಹಿಡಿ ಕೆತ್ತುತ್ತಾರೆ. ಅದಕ್ಕೆಂದೇ ಇರುವ ಅಳತೆ ಕೋವಿಯ ಹಿಡಿಗೆ ಕೀಲು, ತಿರುಪು. ಅದು ಹೇಳಿದ ಕಡೆಗೆ ಬಾಗುತ್ತದೆ. ಗಿರಾಕಿ ಅದನ್ನು ಪೆಂಬರ್ಟನ್‌ನ ಕಣ್ಣಿಗೆ ಹಿಡಿಯಬೇಕು. ಪೆಂಬರ್ಟನ್ ಎದುರಿನಿಂದ, ಕೋವಿಯ ಬಾಯಿಯ ಕಡೆಯಿಂದ ನೋಡಿ, ನಳಿಗೆಯ ಮೇಲೆ ಗಿರಾಕಿಯ ಕಣ್ಣು ಎಲ್ಲಿ ಕೂತಿದೆ ಎಂದು ಕಂಡುಕೊಂಡು ತಿರುಪು ತಿರುಗಿಸಬೇಕು.

“ಖಾಲಿ ಇದೆಯಲ್ಲ ಸಾರ್. ಈಗ ತಾನೇ ನೀವೇ ನೋಡಿದ್ರಿ.”

“ನೋಡ್ದೆ. ಜನ ಸತ್ತಿರೋದೆಲ್ಲ ಖಾಲಿ ಕೋವಿಯಿಂದ್ಲೇ.”

ಕಿಟಕಿಯ ಬಳಿ ಕೈಚೀಲವನ್ನು ತೊಡೆಯ ಮೇಲಿಟ್ಟು ಕೂತಿದ್ದ ಸೆತ್‌ನ ಹೆಂಡತಿ ಎನಿಡ್ ಬಾಯಿ ಹಾಕಿದಳು. “ನೀವು ಇವನಿಗೆ ಹೇಳಿ ಪ್ರಯೋಜನವಿಲ್ಲ ಬಿಡಿ. ಒಬ್ಬ ಮಂತ್ರಿ ಹಕ್ಕಿ ಹಿಂದೆ ಕೋವಿ ತಿರುಗಿಸ್ತಾ ನಳಿಗೇನ ಪಕ್ಕದವರ ಮೇಲೆ ಹಾಯಿಸಿದ ಅಂತ ಅವನನ್ನೇ ನಡುಮಧ್ಯಾಹ್ನ ಮನೆಗೆ ಕಳಿಸಿದ್ದಾನೆ. ಪಾಪ, ಊಟನೂ ಆಗಿರಲಿಲ್ಲ ಆ ಮನುಷ್ಯಂಗೆ.”

“ಈ ಜಾಗದಲ್ಲಿ ನನ್ನೆದುರಿಗೆ ಅರಮನೆಯೋರು ನಿಂತಿದ್ದಾರೆ, ಬ್ಯಾಂಕಿನೋರು ನಿಂತಿದ್ದಾರೆ, ಒಬ್ಬ ಬಿಷಪ್ಪೂ ನಿಂತಿದ್ದಾರೆ,” ಎಂದ ಪೆಂಬರ್ಟನ್, ಸ್ವಲ್ಪ ಬಿರುಸಾಗಿಯೇ.

“ಯಾರೂ ಹಿಂದೆಮುಂದೆ ನೋಡ್ಲಿಲ್ವಾ?” ಎಂದ ಸೆತ್.

“ಇಲ್ಲ.”

“ಬಿಷಪ್ಪೂ?”

“ಅವ್ರೇ ಎಲ್ಲರಿಗಿಂತ ಬೇಗ ಎತ್ತಿದ್ದು.”

ಮನುಷ್ಯನ ಬದಲಿಗೆಂದು ಗಾಜಿನ ಪೆಟ್ಟಿಗೆಯಲ್ಲಿದ್ದ ಒಣಹುಲ್ಲು ತುಂಬಿದ ಹಕ್ಕಿಯನ್ನು ಗೋಡೆಯ ಬಳಿ ಇಟ್ಟದ್ದಾಯಿತು. ಅದರತ್ತ ಸೆತ್ ಕೋವಿ ಎತ್ತಿದ ಅಂದಕ್ಕೆ ಪೆಂಬರ್ಟನ್‌ಗೆ ಹೊಟ್ಟೆಕಿಚ್ಚಾಯಿತು. ಆದರೆ ಹಕ್ಕಿಗೆ ಕಂಡದ್ದನ್ನು ಹಕ್ಕಿ ಹೇಳುವಂತಿರಲಿಲ್ಲ. ಕನ್ನಡಿ ತರಿಸಿದರೆ, “ಅದರಲ್ಲಿರೋನೂ ಮನುಷ್ಯನೇ ಅಲ್ವಾ?” ಎಂದ ಸೆತ್.

ಪೆಂಬರ್ಟನ್ ಕೈಚೆಲ್ಲಿದ. “ಹಾಗಾದ್ರೆ ನಿಮ್ಮ ಅಳತೆಗೆ ಮಾಡೋಕಾಗಲ್ಲ ಸಾರ್. ಯಾರಿಗೋ ಮಾಡಿ ಉಳಿದುಹೋಗಿರೋದು ಒಂದಿದೆ. ಬೇಕಾದ್ರೆ ಅದನ್ನೇ ತಗೊಂಡು ಹೋಗಿ.”

“ತಗೊಳ್ಳೋ ಮಾರಾಯ,” ಎಂದಳು ಎನಿಡ್. “ನಿನ್ನ ಮದುವೆ ಕೋಟೂ ಇನ್ನೊಬ್ಬರ ಅಳತೇದೇ. ಚರ್ಚಿನಲ್ಲಿ ಅದರ ತೋಳಿನೊಳಗೆ ನಿನ್ನ ಕೈ ಎಲ್ಲಿದೆ ಅಂತ ಹುಡುಕಿ ನಾನು ಉಂಗುರ ಹಾಕ್ದೆ.”

ಸೆತ್ ನಗಲಿಲ್ಲ. ತನ್ನ ಕೋವಿಯ ಹಿಡಿಗೆಂದು ಬೆಳಿಗ್ಗೆ ತಾನೇ ಆರಿಸಿಟ್ಟ ಅಕ್ರೋಟು ಮರದ ತುಂಡು ಮೇಜಿನ ಮೇಲಿತ್ತು. ಹೊಗೆ ಸುಳಿದಂತೆ ಕಪ್ಪು ಗೆರೆಗಳು. ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ ನಿಂತ. ಎನಿಡ್ ಚೀಲದ ಗುಂಡಿಯನ್ನು ತೆಗೆದು ಹಾಕಿ ಮಾಡುವುದನ್ನು ನಿಲ್ಲಿಸಿದಳು.

“ಬೇರೆ ದಾರಿ ಇಲ್ವಾ?”

“ಇಲ್ಲ ಸಾರ್. ಕಣ್ಣಿಗೆ ಕಣ್ಣು ಸಿಗ್ಲೇಬೇಕು.”

ಸೆತ್ ಕೋವಿಯನ್ನು ಅವನ ಕೈಗೆ ಕೊಟ್ಟ. “ನೀವೇ ನೋಡಿ.”

ಪೆಂಬರ್ಟನ್ ತೆರೆದು ನೋಡಿ ಮುಚ್ಚಿದ.

“ಹಾಗಲ್ಲ. ಬೆಳಕಿಗೆ ಹಿಡಿದು ನೋಡಿ. ಬೆರಳು ಹಾಕಿ.”

ಪೆಂಬರ್ಟನ್ ಬೆಳಕಿಗೆ ಹಿಡಿದ. ಬೆರಳನ್ನೂ ಹಾಕಿದ. ಎಷ್ಟೋ ವರ್ಷಗಳಿಂದ ಅದರೊಳಗೆ ಅವನು ಬೆರಳು ಹಾಕಿರಲಿಲ್ಲ, ಉಕ್ಕು ತಣ್ಣಗಿತ್ತು.

“ಮನೇಲಿ ಯಾರ‍್ಯಾರಿದ್ದಾರೆ ನಿಮಗೆ?” ಎಂದು ಕೇಳಿದ ಸೆತ್.

“ಹೆಂಡ್ತಿ. ಒಬ್ಬಳು ಮಗಳು. ಯಾಕೆ?”

“ಮಗಳ ಹೆಸರು?”

“ರೋವೀನಾ. ಅದೆಲ್ಲ ಯಾಕೆ ಸಾರ್ ಈಗ?”

“ಯಾರ ಕಡೆ ಹಿಡೀತಿದೀನಿ ಅಂತ ಗೊತ್ತಿರ್ಬೇಕಲ್ಲ.”

ಸೆತ್ ಟೋಪಿ ತೆಗೆದು ಎನಿಡ್‌ಗೆ ಕೊಟ್ಟ. ಕೋವಿಯನ್ನು ವಾಪಸು ತಗೊಂಡು ಕಾಲು ಊರಿ ನಿಂತ. ಕೋವಿ ನಿಧಾನವಾಗಿ ಮೇಲೆದ್ದು ಕೆನ್ನೆಗೆ ಬಂದು ಕೂತಿತು. ಒಂದು ಗಳಿಗೆಯಾದ ಮೇಲೆ ಅವನು ಅದನ್ನು ಇಳಿಸಿ, ತೆರೆದು, ಹಣೆಯ ಬೆವರು ಒರೆಸಿಕೊಂಡ.

“ಸಿಕ್ತೇನ್ರೀ ಅಳತೆ?” ಎಂದಳು ಎನಿಡ್.

“ಇನ್ನೊಂದ್ಸಲ ಸಾರ್,” ಎಂದ ಪೆಂಬರ್ಟನ್, ಬಿಗಿಯಾಗಿ ಮುಚ್ಚಿಕೊಂಡಿದ್ದ ಕಣ್ಣುಗಳನ್ನು ತೆರೆಯುತ್ತಾ.